ಗೆಳೆಯನ ಆ ಗುಟ್ಟು ಕಾಯಬೇಡಿ

ಬದುಕು ಸಾಕಾಗಿದೆ ಎಂಬ ಮಾತನ್ನು ಹದಿಹರೆಯದವರು ಹೆಚ್ಚಾಗಿ ಮೊದಲು ಹೇಳಿಕೊಳ್ಳುವುದು ಗೆಳೆಯರ ಬಳಿ, ಅದೂ ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿ. ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬರುವ ಮಕ್ಕಳೇ, ಆ ಆಣೆ ಮುರಿಯಿರಿ. ಗೆಳತಿ ಮುನಿಸಿಕೊಂಡಾಳು, ಮುನಿಸು ಇಳಿಯುತ್ತದೆ.

"ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಎಷ್ಟೋ ಸಲ ಆ ಪ್ರಶ್ನೆಯಿಂದಲೇ ಎದೆಯ ಭಾರ ಕಡಿಮೆಯಾಗುತ್ತದೆ. ಬುದ್ಧಿವಾದ ಹೇಳಬೇಡಿ. ಒಂಟಿಯಾಗಿ ಬಿಡಬೇಡಿ. ಅಂದೇ ಒಬ್ಬ ಹಿರಿಯರಿಗೆ ತಿಳಿಸಿ: ಅಪ್ಪ ಅಮ್ಮ, ಇಲ್ಲವೇ ಚಿಕ್ಕಮ್ಮ, ಸೋದರಮಾವ, ನಂಬುವ ಮೇಷ್ಟ್ರು. ಅವರು ತಳ್ಳಿಹಾಕಿದರೆ ಇನ್ನೊಬ್ಬರಿಗೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಅಲ್ಲಿಂದ ಮುಂದೆ ಹೊಣೆ ದೊಡ್ಡವರದು. ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿದ್ದುಕೊಂಡೇ ಚಿಕಿತ್ಸೆ, ಬರಹ, ಸಿನಿಮಾಗಳ ಮೂಲಕ ಮನಸ್ಸಿನ ಕಾಯಿಲೆಗೆ ಅಂಟಿದ ನಾಚಿಕೆ ಕಳೆಯಲು ದುಡಿದರು. ಅಂಥ ಊರಲ್ಲೂ "ಜನ ಏನಂದಾರು" ಎಂದು ಮಕ್ಕಳನ್ನು ವೈದ್ಯರಿಂದ ದೂರವಿಡುವುದು ನೋವಿನ ಸಂಗತಿ. ನಿಮ್ಮ ಮಗನ ಗುಟ್ಟು ಹೇಳಲು ಅವನ ಗೆಳೆಯ ಬಾಗಿಲು ತಟ್ಟಿದರೆ "ನಿನಗ್ಯಾಕಪ್ಪಾ ಇದೆಲ್ಲಾ" ಎನ್ನಬೇಡಿ. ಒಳಗೆ ಕರೆದು ಪೂರ್ತಿ ಕೇಳಿ. ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ದೂರವಿಡಿ, ಮಗನ ಜೊತೆಯಲ್ಲೇ ಇರಿ. ಜೀವಕ್ಕೆ ಅಪಾಯ ಎನಿಸಿದರೆ ಬೆಳಗಾಗಲೆಂದು ಕಾಯದೆ ಆಗಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತನ್ನಿ.