ತೋಳಿನ ಗುಳಿ, ಹೊಟ್ಟೆಯ ಕೊಬ್ಬು

ಚಿಕ್ಕಂದಿನಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಟ ಚಕ್ಕಡಿಯಿಂದ ಬಿದ್ದು ನನ್ನ ಎಡತೋಳಿಗೆ ದೊಡ್ಡ ಗಾಯವಾಗಿತ್ತು. ಗಾಯ ಮಾಯಿತು, ಗುಳಿ ಉಳಿಯಿತು. ಕುಷ್ಟಗಿಯಿಂದ ರಜೆಗೆ ಬಂದ ಏಳನೇ ತರಗತಿಯ ಮೊಮ್ಮಗಳು ಮೊನ್ನೆ ಆ ಗುಳಿಯಲ್ಲಿ ಬೆರಳಿಟ್ಟು ಕೇಳಿದಳು: “ಅಜ್ಜಾ, ಮ್ಯಾಲಿನ ಚರ್ಮ ಬಂತಲ್ಲ, ಒಳಗಿನ ಮಾಂಸ ಯಾಕ ಬರ್ಲಿಲ್ಲ?”

ಒಳ್ಳೆಯ ಪ್ರಶ್ನೆ. ಚರ್ಮ ಸದಾ ಹೊಸದಾಗುತ್ತಿರುತ್ತದೆ. ಅದರ ಕೆಳಗಿನ ಕೊಬ್ಬು, ಸ್ನಾಯು ಹೆಚ್ಚಾಗಿ ಹೋದರೆ ದೇಹ ಅಲ್ಲಿ ನಾರಿನ ತೇಪೆ ಹಾಕಿ ಕೆಲಸ ಮುಗಿಸುತ್ತದೆ.

ಇಂಥ ಗುಳಿ ತುಂಬುವ ಯತ್ನ ಹಳೆಯದು. 1893ರಲ್ಲಿ ಜರ್ಮನಿಯ ಗುಸ್ತಾವ್ ನ್ಯೂಬರ್ ಎಂಬ ವೈದ್ಯರು ರೋಗಿಯ ತೋಳಿನ ಕೊಬ್ಬನ್ನೇ ತೆಗೆದು ಅವನ ಮುಖದ ಗುಳಿಗೆ ತುಂಬಿದರು. ಆದರೆ ಹೀಗೆ ತುಂಬಿದ ಕೊಬ್ಬೆಲ್ಲ ಉಳಿಯುವುದಿಲ್ಲ. ಯಾಕೆಂಬುದು ಗಂಗಾವತಿ ಕಡೆಯ ರೈತರಿಗೆ ಬೇಗ ತಿಳಿಯುತ್ತದೆ. ಭತ್ತದ ಸಸಿ ಕಿತ್ತು ನಾಟಿ ಮಾಡಿದ ಮೇಲೆ ಕಾಲುವೆಯ ನೀರು ಬಾರದಿದ್ದರೆ ಅದು ಒಣಗುತ್ತದೆ. ಕಿತ್ತು ನೆಟ್ಟ ಕೊಬ್ಬಿಗೆ ರಕ್ತನಾಳವೇ ಕಾಲುವೆ.

2001ರಲ್ಲಿ ಅಮೆರಿಕದ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ಒಂದು ಸುದ್ದಿ ಹೇಳಿದರು: ಹೀರಿ ತೆಗೆದು ಚೆಲ್ಲುತ್ತಿದ್ದ ಕೊಬ್ಬಿನಲ್ಲಿ ಆಕರಕೋಶಗಳಿವೆ! ಪ್ರಯೋಗಾಲಯದಲ್ಲಿ ಅವುಗಳನ್ನು ಕೊಬ್ಬು, ಮೂಳೆ, ಮೃದ್ವಸ್ಥಿಯ ಕೋಶಗಳ ದಾರಿಗೆ ತಿರುಗಿಸಬಹುದು.

“ಅವನ್ನ ಹೆಂಗ ಆರಿಸ್ತಾರ ಅಜ್ಜಾ?”

“ನಿಮ್ಮಜ್ಜಿ ಮಜ್ಜಿಗಿ ಕಡದಂಗ. ಕೊಬ್ಬನ್ನ ಕಿಣ್ವ ಹಾಕಿ ಸಡಿಲ ಮಾಡಿ, ಯಂತ್ರದಾಗ ಗರಗರ ತಿರುಗಿಸ್ತಾರ. ಕೊಬ್ಬು ಮ್ಯಾಲ ತೇಲ್ತೈತಿ. ಅಜ್ಜಿಗೆ ಮ್ಯಾಲಿನ ಬೆಣ್ಣಿ ಬೇಕು, ವಿಜ್ಞಾನಿಗೆ ತಳಕ್ಕ ಕುಂತಿದ್ದು ಬೇಕು.”

ಈ ಕೋಶಗಳು ಹೊಸ ರಕ್ತನಾಳ ಚಿಗುರಲು ನೆರವಾಗುವ ರಾಸಾಯನಿಕಗಳನ್ನು ಸೂಸುತ್ತವೆ. ಆದ್ದರಿಂದ ತುಂಬುವ ಕೊಬ್ಬಿಗೆ ಇವನ್ನೂ ಬೆರೆಸಿ ನೋಡುತ್ತಿದ್ದಾರೆ. ಎಲ್ಲ ಪರೀಕ್ಷೆಗಳಲ್ಲೂ ಫಲ ಒಂದೇ ತೆರನಾಗಿ ಬಂದಿಲ್ಲ.

ಅಷ್ಟರಲ್ಲಿ ಯಲಬುರ್ಗಾದ ಬೀಗರು ಮೊಬೈಲಿಗೆ ಒಂದು ಜಾಹೀರಾತು ಕಳಿಸಿದರು. ಹೊಟ್ಟೆಯ ಕೊಬ್ಬಿನ ಆಕರಕೋಶದಿಂದ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಲಕ್ವ ಎಲ್ಲವೂ ವಾಸಿಯಂತೆ! ಮನೆಯಾಕೆಯ ಮೊಣಕಾಲಿಗಾಗಿ ಒಂದು ಎಕರೆ ಮಾರಿಬಿಡೋಣ ಎಂದೆ. ಮೊಮ್ಮಗಳು ತಡೆದಳು: “ಇನ್ನೂ ಪರೀಕ್ಷೆ ನಡದಾವ ಅಂತ ಈಗ ನೀನ ಹೇಳಿದೆಲ್ಲ?”

ನಾಚಿಕೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಮಾಡುವ ರಕ್ತದ ಆಕರಕೋಶಗಳ ಕಸಿ ಬಿಟ್ಟರೆ, ಉಳಿದವು ನೋಂದಾಯಿತ ಪ್ರಯೋಗದಲ್ಲೇ ನಡೆಯಬೇಕು; ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಪರೀಕ್ಷೆ ದಾಟಿ ಬಂದವೂ ಇವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ಮಾಡಿದ ಮದ್ದಿಗೆ 2022ರಲ್ಲಿ ಮೊಣಕಾಲು ಸವೆತಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ಅದು ಕೊಬ್ಬಿನಿಂದ ಮಾಡಿದ್ದಲ್ಲ, ಎಲ್ಲ ರೋಗಕ್ಕೂ ಅಲ್ಲ.

ಹಿರಿಯರೇ, ದುಡ್ಡು ಬಿಚ್ಚುವ ಮೊದಲು ಮೂರು ಮಾತು ಕೇಳಿ: ಯಾವ ಕೋಶ? ಯಾವ ಕಾಯಿಲೆಗೆ? ಅನುಮತಿ ಪತ್ರ ಎಲ್ಲಿ? ಮಕ್ಕಳೇ, ಅಜ್ಜ-ಅಜ್ಜಿಗೆ ಜಾಹೀರಾತಿನ ಸಣ್ಣ ಅಕ್ಷರಗಳನ್ನು ನೀವೇ ಓದಿ ಹೇಳಿ.

ಮರುದಿನ ಮನೆಯಾಕೆಯನ್ನು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮೊಮ್ಮಗಳು ದಿನಾ ಎಣಿಸಿ ಮಾಡಿಸುತ್ತಾಳೆ. ನನ್ನ ತೋಳಿನ ಗುಳಿ ಹಾಗೇ ಇದೆ. ಹೊಲವೂ ಇದೆ.