ಸೆರೆಯಲ್ಲಿದ್ದವನೂ ಸೇವೆಯಲ್ಲೇ ಇದ್ದ

ನಮ್ಮೂರಿನ ಹಿರಿಯ ಮಾಜಿ ಸೈನಿಕರೊಬ್ಬರಿಗೆ ಸೇನೆಯ ಒಂದು ರೆಕಾರ್ಡ್ ಆಫೀಸಿನಿಂದ ಪತ್ರ ಬಂದಿದೆ. 1962ರ ಅಕ್ಟೋಬರ್‌ನಲ್ಲಿ ನೇಫಾ (ಇಂದಿನ ಅರುಣಾಚಲ ಪ್ರದೇಶ) ಗಡಿಯಲ್ಲಿ ಇದ್ದುದಕ್ಕೆ ಅಂದಿನ ಪೇ ಬುಕ್ಕಿನ ಪ್ರತಿ, ಇಲ್ಲವೇ ಅಂದಿನ ಕಂಪನಿ ಕಮಾಂಡರ್ ಸಹಿ ಮಾಡಿದ ಪ್ರಮಾಣಪತ್ರ ಲಗತ್ತಿಸಿರಿ, ಆನಂತರ ಪದಕದ ಅರ್ಜಿಯನ್ನು ಪರಿಶೀಲಿಸಲಾಗುವುದು ಎಂದು ಅದರಲ್ಲಿದೆ. ಆ ಪೇ ಬುಕ್ಕನ್ನು ಚೀನೀ ಸೈನಿಕನೊಬ್ಬ ಅವರ ಅಂಗಿಯ ಜೇಬಿನಿಂದ ಕಿತ್ತುಕೊಂಡ. ಆ ಕಮಾಂಡರ್ ನಮ್ಕಾ ಚು ಹೊಳೆಯ ದಂಡೆಯ ಮೇಲೆಯೇ ತೀರಿಕೊಂಡರು. ಕೇಳಿರುವ ಎರಡೂ ಸಾಕ್ಷಿಗಳನ್ನು ಯುದ್ಧವೇ ತಿಂದುಹಾಕಿದೆ.

ನಾನು ಸೇನೆಯಲ್ಲಿ ಕಾರಕೂನನಾಗಿದ್ದವನು. ಜವಾನರ ಸೇವೆಯ ಬದಲಾವಣೆಗಳನ್ನು ದಾಖಲಿಸುವ ಪಾರ್ಟ್ ಟೂ ಆರ್ಡರ್ ಬರೆದು, ಅವರ ಸೇವಾ ದಾಖಲೆಯಾದ ಶೀಟ್ ರೋಲಿನಲ್ಲಿ ನಮೂದು ಮಾಡಿ ಸೇವೆ ಮುಗಿಸಿದವನು. ಈಗ ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುಳಿತು ಸುತ್ತಲಿನ ಮಾಜಿ ಸೈನಿಕರ, ಅವರ ಹೆಂಡಂದಿರ ಪಿಂಚಣಿ ಅರ್ಜಿಗಳನ್ನು ಬರೆದುಕೊಡುತ್ತೇನೆ. ಆ ಪತ್ರಕ್ಕೆ ಉತ್ತರ ಬರೆಯಬೇಕಾದವನೂ ನಾನೇ. ಕಚೇರಿಗೆ ಕಳಿಸುವ ಉತ್ತರವನ್ನು ಬೇರೆ ಬರೆಯುತ್ತೇನೆ. ಆದರೆ ಇದು ಒಬ್ಬ ಮುದುಕನ ಅರ್ಜಿಗೆ ಮುಗಿಯುವ ಮಾತಲ್ಲ ಎಂದು ಅನ್ನಿಸಿದ್ದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ.

ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಎಂಬತ್ತೈದು ದಾಟಿದೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ವೈರ್‌ಲೆಸ್ ಸೆಟ್ಟು ಹೊರುವ ಕೆಲಸ ಅವರದು. ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡಿನ ಜೊತೆ ಥಗ್ಲಾ ಬೆಟ್ಟದ ಬುಡದಲ್ಲಿದ್ದರು. ಮೈಮೇಲೆ ಹತ್ತಿಯ ಸಮವಸ್ತ್ರ, ಹೊದೆಯಲು ಒಂದು ಕಂಬಳಿ, ಒಬ್ಬೊಬ್ಬ ಜವಾನನ ಬಳಿ ಐವತ್ತು ಗುಂಡು. ವಿಮಾನದಿಂದ ಉದುರಿಸಿದ ಸಾಮಾನಿನಲ್ಲಿ ಬಹುಪಾಲು ಕಣಿವೆಯ ಪಾಲಾಗುತ್ತಿತ್ತು. ಅಕ್ಟೋಬರ್ 20ರ ನಸುಕಿನಲ್ಲಿ ಚೀನಾದ ತೋಪುಗಳು ಗರ್ಜಿಸಿದ ಮೇಲೆ ಆ ಹೊಳೆಯ ದಂಡೆಯಲ್ಲಿ ನಡೆದದ್ದನ್ನು ದಳವಿಯವರೇ ಬರೆದಿದ್ದಾರೆ. 2ನೇ ರಾಜಪೂತ್ ಪಲಟಣದ 513 ಜನರಲ್ಲಿ 282 ಮಂದಿ ಅಲ್ಲಿಯೇ ಸತ್ತರು. ಉಳಿದವರಲ್ಲಿ ಹೆಚ್ಚಿನವರು ಸೆರೆಯಾದರು, ಅವರಲ್ಲಿ ಎಷ್ಟೋ ಜನ ಗಾಯಾಳುಗಳು. ದಳವಿಯವರೂ 22ರಂದು ಸಿಕ್ಕಿಬಿದ್ದರು. 1969ರಲ್ಲಿ ಬಂದ ಅವರ ಪುಸ್ತಕವನ್ನು ಸರ್ಕಾರ ನಿಷೇಧಿಸಿತ್ತು. ರವಿ ಬೆಳಗೆರೆಯವರು ಅದನ್ನು ‘ಹಿಮಾಲಯನ್ ಬ್ಲಂಡರ್’ ಎಂದೇ ಕನ್ನಡಕ್ಕೆ ತಂದರು. ನಮ್ಮ ಕಡೆ ಅದನ್ನು ಓದದ ಮಾಜಿ ಸೈನಿಕ ಅಪರೂಪ. ಕಾಕಾ ಓದಿಲ್ಲ. ಮೊಮ್ಮಗ ಓದಿ ಹೇಳಲು ಕುಳಿತಾಗ ಎದ್ದು ಹೊಲದ ಕಡೆ ಹೋದರು.

ಆ ಯುದ್ಧದಲ್ಲಿ ಚೀನಾದ ಕೈಗೆ ಸಿಕ್ಕ ನಮ್ಮ ಸೈನಿಕರು ಸುಮಾರು ನಾಲ್ಕು ಸಾವಿರ. ಟಿಬೆಟ್ಟಿನ ಶಿಬಿರಗಳಲ್ಲಿ ಒಂದು ಇಡೀ ಚಳಿಗಾಲ ಕಳೆದರು. ತೀರ ಗಾಯಗೊಂಡವರನ್ನೂ ಕಾಯಿಲೆಯವರನ್ನೂ ಡಿಸೆಂಬರ್‌ನಲ್ಲಿಯೇ ಒಪ್ಪಿಸತೊಡಗಿದರು. ಉಳಿದ ಹೆಚ್ಚಿನವರು ಬಂದದ್ದು 1963ರ ಏಪ್ರಿಲ್, ಮೇ ತಿಂಗಳಲ್ಲಿ. ಕಾಕಾ ಅವರ ಮನೆಗೆ ಮೊದಲು ಬಂದದ್ದು ‘ಮಿಸ್ಸಿಂಗ್’ ಎಂಬ ತಂತಿ. ಪೋಸ್ಟ್ ಮಾಸ್ತರು ಓದಿ ಅರ್ಥ ಹೇಳಿದ ಮೇಲೆ ಊರ ಹಿರಿಯರು ಕಟ್ಟೆಗೆ ಕೂತು, ಮದುವೆಯಾಗಿ ವರ್ಷ ತುಂಬದ ಕಾಕೂ ಕುಂಕುಮ ಇಡಬೇಕೋ ಬಿಡಬೇಕೋ ಎಂದು ಚರ್ಚೆ ಮಾಡಿದರಂತೆ. ಕಾಕೂ ಯಾರ ಮಾತಿಗೂ ಕಾಯಲಿಲ್ಲ, ದಿನಾ ಇಟ್ಟುಕೊಂಡರು. ರೆಡ್ ಕ್ರಾಸ್ ಮೂಲಕ ನಾಲ್ಕು ಸಾಲಿನ ಪತ್ರ ಬಂದಾಗ ಸುಗ್ಗಿ ನಡೆದಿತ್ತು.

ಹಿಂದೆ ಬಂದವರಿಗೆ ಹಾರ ತುರಾಯಿ ಕಾದಿರಲಿಲ್ಲ, ವಿಚಾರಣೆ ಕಾದಿತ್ತು. ಶಿಬಿರದಲ್ಲಿ ಏನು ಹೇಳಿದಿರಿ, ಏನು ಓದಿಸಿದರು, ತಲೆ ಕೆಡಿಸಿದರೇ ಎಂಬ ಪ್ರಶ್ನೆಗಳು. ಅಂದಿನ ಪರಿಸ್ಥಿತಿಯಲ್ಲಿ ಅದು ಅಗತ್ಯವಿತ್ತು ಎಂದು ಒಪ್ಪೋಣ. ಆದರೆ ವಿಚಾರಣೆ ಮುಗಿದು, ಕಳಂಕವಿಲ್ಲವೆಂದು ತೀರ್ಮಾನವಾಗಿ, ಮತ್ತೆ ಸಮವಸ್ತ್ರ ಹಾಕಿಸಿ ಕಾಕಾ ಅವರನ್ನು 1973ರವರೆಗೆ ದುಡಿಸಿಕೊಂಡರು. ಅಷ್ಟರಲ್ಲಿ ಇನ್ನೂ ಎರಡು ಯುದ್ಧಗಳಾದವು. ಆ ಸಂಶಯದ ನೆರಳು ಮಾತ್ರ ಕಾಗದಗಳಲ್ಲಿ ಉಳಿದುಕೊಂಡಿತು. ಕಾಗದದಲ್ಲಿ ಉಳಿದದ್ದು ಮನುಷ್ಯನ ಮೈಗೂ ಅಂಟಿಕೊಳ್ಳುತ್ತದೆ.

ಕಾಕಾ ಅವರ ಟ್ರಂಕಿನಲ್ಲಿರುವ ಪದಕಗಳನ್ನು ನಾನು ನೋಡಿದ್ದೇನೆ. 1965ರ ರಕ್ಷಾ ಪದಕ ಇದೆ. 1971ರ ಸಂಗ್ರಾಮ ಪದಕ ಇದೆ. ಸ್ವಾತಂತ್ರ್ಯದ 25ನೇ ವರ್ಷದ ಪದಕವೂ ಇದೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಸಿಕ್ಕ ಪದಕ ಅದು, ಅಂದು ಯಾವುದೋ ಶಾಂತ ಛಾವಣಿಯಲ್ಲಿ ಕೂತು ಲೆಡ್ಜರ್ ಬರೆಯುತ್ತಿದ್ದವನಿಗೂ ಸಿಕ್ಕಿತು. ತಪ್ಪೇನಿಲ್ಲ, ಅವನೂ ಸೈನಿಕನೇ. ಇಲ್ಲದಿರುವುದು ಒಂದೇ: ಅವರ ಬದುಕಿನ ಅತಿ ಕಠಿಣ ತಿಂಗಳುಗಳ ಗುರುತು. ಸೈನ್ಯ ಸೇವಾ ಪದಕಕ್ಕೆ ನೇಫಾ ಎಂಬ ಪಟ್ಟಿ (ಕ್ಲಾಸ್ಪ್) ಇದೆ. ಆ ಪಟ್ಟಿಗಾಗಿಯೇ ಈಗಿನ ಅರ್ಜಿ.

ಓದುಗರಿಗೆ ಒಂದು ವಿಷಯ ತಿಳಿದಿರಲಿ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಇದೆ. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಇವೆ. ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಇದೆ. 1962ಕ್ಕೆಂದೇ ಒಂದು ಸ್ಟಾರ್ ಇಲ್ಲ. ಸೋತ ಯುದ್ಧವನ್ನು ಎದೆಯ ಮೇಲೆ ತೋರಿಸುವುದು ಯಾರಿಗೂ ಬೇಕಾಗಲಿಲ್ಲವೇನೋ. ಹೀಗೆ ಮೊದಲೇ ಕಿರಿದಾದ ಬಾಗಿಲಿನಲ್ಲಿ ಸೆರೆಯಾದವನು ಇನ್ನೂ ಬಗ್ಗಿ ನುಗ್ಗಬೇಕು.

ಶೌರ್ಯ ಪದಕದ ಮಾತು ಬಂದರೆ ಸಾಕ್ಷಿಯ ತೊಡಕು ಇನ್ನೂ ಬಿಗಿಯಾಗುತ್ತದೆ. ಶೌರ್ಯ ಪದಕ ಕೊಡಬೇಕಾದರೆ ಮೇಲಧಿಕಾರಿ ಶಿಫಾರಸು ಬರೆಯಬೇಕು, ಕಣ್ಣಾರೆ ಕಂಡವರು ಬೇಕು. ಗೆದ್ದ ಪಲಟಣದಲ್ಲಿ ಸಂಜೆಗೆ ಬರೆಯಲು ಅಧಿಕಾರಿ ಇರುತ್ತಾನೆ, ಹೇಳಲು ಜೊತೆಗಾರರಿರುತ್ತಾರೆ. ಇಡೀ ಪಲಟಣವೇ ಸತ್ತು, ಚದುರಿ, ಸೆರೆಯಾದಾಗ ಯಾರು ಬರೆಯಬೇಕು? ರೆಜಾಂಗ್ ಲಾದಲ್ಲಿ 13ನೇ ಕುಮಾವೂನಿನ ಮೇಜರ್ ಶೈತಾನ್ ಸಿಂಗ್ ಅವರ ಕಂಪನಿ ನವೆಂಬರ್ 18ರಂದು ಹೋರಾಡಿ ಮಡಿಯಿತು. ಬದುಕಿ ಬಂದ ಕೆಲವೇ ಜವಾನರು ನಡೆದದ್ದನ್ನು ಹೇಳಿದಾಗ ನಂಬಿದವರು ಕಡಿಮೆ. 1963ರ ಆರಂಭದಲ್ಲಿ ಬಂದೂಕು ಹಿಡಿದಂತೆಯೇ ಹೆಪ್ಪುಗಟ್ಟಿದ್ದ ದೇಹಗಳು ಹಿಮದಲ್ಲಿ ಸಿಕ್ಕವು. ಆಮೇಲಷ್ಟೇ ಅವರ ಮಾತು ನಿಜವಾಯಿತು. ಬದುಕಿದವರ ಬಾಯಿಮಾತಿಗೆ ಸಿಗದ ಬೆಲೆ ಸತ್ತವರ ಮೈಗೆ ಸಿಕ್ಕಿತು. ನಮ್ಕಾ ಚು ದಂಡೆಯಲ್ಲಿ ಯಾರ ಪಾಲಿಗೆ ಅಂಥ ಹಿಮ ಸಾಕ್ಷಿ ಹೇಳೀತು?

ಮೇಜರ್ ಧನ್ ಸಿಂಗ್ ಥಾಪಾ ಅವರ ಪ್ರಕರಣವಂತೂ ಪ್ರತಿಯೊಬ್ಬ ದಾಖಲೆ ಅಧಿಕಾರಿಗೂ ಪಾಠವಾಗಬೇಕು. ಪ್ಯಾಂಗಾಂಗ್ ಸರೋವರದ ಉತ್ತರದ ದಂಡೆಯಲ್ಲಿ ಸಿರಿಜಾಪ್ ಠಾಣೆ. 8ನೇ ಗೂರ್ಖಾ ರೈಫಲ್ಸಿನ 1ನೇ ಪಲಟಣದ ಥಾಪಾ ಅಲ್ಲಿ ಕೊನೆಯವರೆಗೂ ಕಾದಾಡಿದರು. ಅವರು ಸತ್ತರೆಂದೇ ಎಲ್ಲರೂ ನಂಬಿದರು, ಮರಣೋತ್ತರವೆಂದೇ ಪರಮವೀರ ಚಕ್ರ ಘೋಷಣೆಯಾಯಿತು. ಅವರಿದ್ದದ್ದು ಚೀನಾದ ಸೆರೆಯಲ್ಲಿ. 1963ರ ಮೇನಲ್ಲಿ ಜೀವಂತ ಮರಳಿದರು, ದಾಖಲೆ ತಿದ್ದಿದರು, ಪದಕ ಉಳಿಯಿತು, ಸೇವೆಯೂ ಮುಂದುವರಿಯಿತು. ಸರಿಯಾದದ್ದೇ ಆಯಿತು. ಅದೇ ಯುದ್ಧದಲ್ಲಿ ಬುಮ್ ಲಾ ಬಳಿ ಗಾಯಗೊಂಡು ಸೆರೆಸಿಕ್ಕ 1ನೇ ಸಿಖ್ ಪಲಟಣದ ಸುಬೇದಾರ್ ಜೋಗಿಂದರ್ ಸಿಂಗ್ ಸೆರೆಯಲ್ಲಿಯೇ ತೀರಿಕೊಂಡರು, ಅವರಿಗೂ ಪರಮವೀರ ಚಕ್ರ ಬಂತು. ಅಂದ ಮೇಲೆ ಸೆರೆಯಾಗುವುದು ಶೌರ್ಯಕ್ಕೆ ವಿರುದ್ಧವಲ್ಲ ಎಂದು ದೇಶದ ಅತ್ಯುನ್ನತ ಪದಕವೇ ಎರಡು ಸಲ ಹೇಳಿದೆ. ಆ ಮಾತು ಕೆಳಗಿನ ಮೇಜುಗಳವರೆಗೆ ಇಳಿಯದೇ ಹೋದದ್ದೇಕೆ?

“ಶರಣಾದವರಿಗೂ ಪದಕ ಅಂದ್ರ ಸತ್ತವರಿಗೆ ಏನ್ ಉಳಿತ್ರಿ?” ಎಂದು ನನ್ನದೇ ಕಾಲದ ಒಬ್ಬ ಸುಬೇದಾರರು ನನ್ನನ್ನು ಕೇಳಿದ್ದಾರೆ. ಮರ್ಯಾದೆಯಿಂದ ಕೇಳಿದ ಪ್ರಶ್ನೆ, ಮರ್ಯಾದೆಯಿಂದಲೇ ಉತ್ತರಿಸುತ್ತೇನೆ. ನಾವು ಕೇಳುತ್ತಿರುವುದು ವೀರ ಚಕ್ರವಲ್ಲ. ಯುದ್ಧಭೂಮಿಯ ಸೇವಾ ಪದಕ ಗೆಲುವಿಗೆ ಕೊಡುವ ಬಹುಮಾನವಲ್ಲ, ಕಳಿಸಿದ ಜಾಗಕ್ಕೆ ಹೋಗಿ ನಿಂತಿದ್ದ ಎಂಬುದರ ಗುರುತು. ಹೋಗಬೇಡವೆಂದು ಹೇಳುವ ಹಕ್ಕು ಜವಾನನಿಗೆ ಇರಲಿಲ್ಲ. ಐವತ್ತು ಗುಂಡು ಸಾಕೋ ಸಾಲದೋ ಎಂದು ಅವನನ್ನು ಯಾರೂ ಕೇಳಲಿಲ್ಲ. ಸೋಲಿಗೆ ಕಾರಣ ಹುಡುಕಿ ಬರೆದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಿಂದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ತಪ್ಪು ಯಾರದೆಂದು ಹೇಳುವ ಕಾಗದವನ್ನು ಸರ್ಕಾರ ಇಂದಿಗೂ ಬಿಚ್ಚಿಲ್ಲ, ತಾನು ಅಲ್ಲಿದ್ದೆ ಎಂದು ಹೇಳುವ ಕಾಗದವನ್ನು ಮಾತ್ರ ಮುದುಕ ತಂದುಕೊಡಬೇಕು. ಇದು ನ್ಯಾಯವಲ್ಲ.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕ 1985ರಲ್ಲಿ ಯುದ್ಧಕೈದಿಗಳಿಗೆಂದೇ ಒಂದು ಪದಕ ಸ್ಥಾಪಿಸಿತು. ಅದನ್ನು 1917ರ ಏಪ್ರಿಲ್‌ವರೆಗೆ ಹಿಂದಕ್ಕೆ ಒಯ್ದು, ಮೊದಲ ಮಹಾಯುದ್ಧದ ಕೈದಿಗಳಿಗೂ, ತೀರಿಕೊಂಡಿದ್ದರೆ ಅವರ ಮನೆಯವರಿಗೂ ಸಿಗುವಂತೆ ಮಾಡಿತು. ಅದಕ್ಕಿಂತ ನನ್ನಂಥ ಕಾರಕೂನನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಅವರ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತಗಳು ಸುಟ್ಟು ಬೂದಿಯಾದವು. ಆಗ ಅವರು ಸೈನಿಕನ ಮುಖ ನೋಡಿ ನಿನ್ನ ಕಾಗದ ನೀನೇ ತಾ ಎನ್ನಲಿಲ್ಲ. ಸಂಬಳದ ರಸೀದಿ, ಆಸ್ಪತ್ರೆಯ ನೋಂದಣಿ, ಪಲಟಣದ ದಿನವಹಿ ವರದಿ ಹೀಗೆ ಬೇರೆ ಬೇರೆ ಕಡತಗಳಿಂದ ಸೇವೆಯ ವಿವರವನ್ನು ಮರಳಿ ಕಟ್ಟುವ ಕೆಲಸವನ್ನು ಕಚೇರಿಯೇ ಕೈಗೆತ್ತಿಕೊಂಡಿತು. ದಶಕಗಳು ಕಳೆದರೂ ಆ ಕೆಲಸ ನಿಲ್ಲಲಿಲ್ಲ.

ನಮ್ಮಲ್ಲಿ ಬೆಂಕಿಯೂ ಬೀಳಬೇಕಿಲ್ಲ. 1963ರಲ್ಲಿ ಸೆರೆಯಾಳುಗಳನ್ನು ಒಪ್ಪಿಸಿದಾಗ ಎರಡೂ ಕಡೆ ಹೆಸರಿನ ಪಟ್ಟಿಗಳಾದವು. ವಿಚಾರಣೆಯ ಕಡತಗಳಾದವು. ಪ್ರತಿಯೊಬ್ಬ ಜವಾನನ ಮೇಲೆ ಪಾರ್ಟ್ ಟೂ ಆರ್ಡರ್ ಹೊರಟಿತು: ಇಂಥ ದಿನ ಕಾಣೆ, ಇಂಥ ದಿನ ಯುದ್ಧಕೈದಿ, ಇಂಥ ದಿನ ಹಾಜರು. ಹಾಗೆ ಬರೆಯದೆ ಸಂಬಳ ಲೆಕ್ಕ ಹಾಕುವುದು ಸಾಧ್ಯವೇ ಇಲ್ಲ, ಆ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಸೆರೆಯಾದ ದಿನಾಂಕ ಇದ್ದರೆ ಎಲ್ಲಿದ್ದ ಎಂಬುದೂ ಇದ್ದಂತೆ. ನಮ್ಕಾ ಚು ಬಳಿ ಸೆರೆಯಾದವನು ನೇಫಾದಲ್ಲಿ ಇರಲಿಲ್ಲವೆಂದು ವಾದಿಸಲು ಯಾರಿಗಾದರೂ ಆದೀತೇ?

ಇನ್ನೊಂದು ಹೆಸರು ನೆನಪಾಗುತ್ತದೆ, ಯುದ್ಧ ಬೇರೆಯಾದರೂ. ಮಂಗಳೂರು ಬಳಿಯ ಕಿನ್ನಿಗೋಳಿಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾದರು. ಹಡಗಿನ ಒಡಲಲ್ಲಿ ತುಂಬಿ ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ ಒಯ್ದರು. ಹಸಿವು, ಕಾಯಿಲೆ, ಬಾಂಬುಗಳ ನಡುವೆ ಉಳಿದು ಊರಿಗೆ ಬಂದು 1946ರಲ್ಲಿ ಎಲ್ಲವನ್ನೂ ಬರೆದಿಟ್ಟರು. ಬರೆದದ್ದು ಅರ್ಧ ಶತಮಾನ ಹಾಗೆಯೇ ಬಿದ್ದಿತ್ತು. ಮಗ ರಿಚರ್ಡ್ ಕ್ರಾಸ್ತಾ ಅದನ್ನು ಪುಸ್ತಕವಾಗಿ ತಂದಾಗ ತಂದೆಗೆ ಎಂಬತ್ತೈದು ದಾಟಿತ್ತು. 1999ರಲ್ಲಿ ತೀರಿಕೊಂಡರು. ಒಬ್ಬ ಮಗ ಬರಹಗಾರನಾಗಿದ್ದರಿಂದ ಆ ಸೆರೆವಾಸ ನಮಗೆ ತಿಳಿಯಿತು. ಬರಹಗಾರ ಮಗನಿಲ್ಲದವರ ಕತೆಯನ್ನು ಕಾಪಾಡುವ ಹೊಣೆ ಅವರನ್ನು ಕಳಿಸಿದ ಸರ್ಕಾರದ್ದೇ.

ನನ್ನ ಬೇಡಿಕೆ ದೊಡ್ಡದಲ್ಲ. 1962ರ ಯುದ್ಧಕೈದಿಗಳ ಪಟ್ಟಿಯನ್ನು ರಕ್ಷಣಾ ಸಚಿವಾಲಯವೇ ತೆಗೆಯಲಿ, ಪ್ರತಿ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೂ ಕಳಿಸಲಿ. ಯಾರಿಗೆ ಯಾವ ಪದಕ ಸಲ್ಲಬೇಕು, ಯಾವುದು ಸಂದಿಲ್ಲ ಎಂಬುದನ್ನು ಕಾರಕೂನರು ಶೀಟ್ ರೋಲ್ ನೋಡಿ ಹೇಳಬಲ್ಲರು. ಅರ್ಜಿಗಾಗಿ ಕಾಯದೆ ಕಳಿಸಲಿ, ಜವಾನ ತೀರಿಕೊಂಡಿದ್ದರೆ ಹೆಂಡತಿಗೆ, ಹೆಂಡತಿಯೂ ಇಲ್ಲದಿದ್ದರೆ ಮಕ್ಕಳಿಗೆ. ಸೇವೆಗೆ ಇಂತಿಷ್ಟು ದಿನವೆಂಬ ನಿಯಮ ಅಡ್ಡ ಬಂದರೆ ಸೆರೆಯ ದಿನಗಳನ್ನೂ ಯುದ್ಧಭೂಮಿಯ ದಿನಗಳೆಂದೇ ಎಣಿಸಲಿ. 1962ಕ್ಕೆ ಒಂದು ಸ್ಟಾರ್ ಬೇಕೆಂಬುದೂ ನನ್ನ ಆಸೆ. ಅದಕ್ಕೆ ಸಂಪುಟ, ರಾಷ್ಟ್ರಪತಿ ಭವನ ಎಂದು ಸಮಯ ಹಿಡಿಯುತ್ತದೆ. ಇದಕ್ಕಾದರೋ ಒಂದು ಸುತ್ತೋಲೆ ಸಾಕು.

ಕಾಕಾ ಅವರನ್ನು ಕೇಳಿದರೆ ಅವರು ಇಷ್ಟನ್ನೂ ಕೇಳುವುದಿಲ್ಲ. “ತಮ್ಮಾ, ನಾ ಓಡಿ ಬಂದಾಂವ ಅಲ್ಲ. ಅಷ್ಟ ಒಂದು ಕಾಗದದಾಗ ಬರದ ಕೊಟ್ರ ಸಾಕು” ಎನ್ನುತ್ತಾರೆ. ಅವರಿಗೆ ಸಾಕು, ನನಗೆ ಸಾಲದು. ಓಡಿ ಬರಲಿಲ್ಲವೆಂದು ಬರೆಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವರನ್ನು ಅರವತ್ತಕ್ಕೂ ಹೆಚ್ಚು ವರ್ಷ ಇಟ್ಟಿದ್ದೇವೆ ಎಂಬುದೇ ನನಗೆ ಸಹಿಸಲಾಗದ್ದು.

ಉತ್ತರ ಕರ್ನಾಟಕದ ಊರುಗಳಲ್ಲಿ, ಕೊಡಗಿನಲ್ಲಿ, ಎಲ್ಲೆಲ್ಲಿ ಮಿಲಿಟರಿಗೆ ಹೋದ ಮನೆತನಗಳಿವೆಯೋ ಅಲ್ಲೆಲ್ಲ ಇಂಥವರು ಇನ್ನೂ ಒಬ್ಬಿಬ್ಬರು ಇದ್ದಾರು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಈ ವಾರವೇ ಹೋಗಿ ಕೂಡಿರಿ. ಆರ್ಮಿ ನಂಬರ್, ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶದ (ಪಿ.ಪಿ.ಒ.) ಪ್ರತಿ ಇಷ್ಟು ಮೊದಲು ಎತ್ತಿಡಿ. ಸೆರೆಯಾದ ಜಾಗ, ದಿನ, ಜೊತೆಗಿದ್ದವರ ಹೆಸರು, ಶಿಬಿರದಲ್ಲಿ ಕಂಡದ್ದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ. ಅದನ್ನು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ನಿಮ್ಮ ಸಂಸದರಿಗೂ ಕಳಿಸಿ. ಪೇ ಬುಕ್ ಎಲ್ಲಿ ಎಂದು ಕೇಳಿದರೆ, ಅದು ಚೀನಾದಲ್ಲಿದೆ ಎಂದು ಬರೆಯಿರಿ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.