ಮರದ ಹೆಸರು, ಮರದೊಳಗಿನ ನೀರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳ ನಡುವಣ ರಸ್ತೆಗಳಲ್ಲಿ ಸಂಚರಿಸಿದವರಿಗೆ ಮರದ ಮಿಲ್ಲಿನ ಗರಗಸದ ಸದ್ದು ಹೊಸದಲ್ಲ. ಮನೆಗೆ ದಾರಂದ ಬೇಕು, ಮಗಳ ಮದುವೆಗೆ ಮಂಚ ಬೇಕು, ಓದುವ ಹುಡುಗನಿಗೆ ಮೇಜು ಬೇಕು ಎಂದು ಮೋಪು ಅರಸಿ ಬರುವ ಗಿರಾಕಿ ಅಲ್ಲಿ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ಇದು ಯಾವ ಮರ? ಘನ ಅಡಿಗೆ ಬೆಲೆ ಎಷ್ಟು? ಉತ್ತರ ದೊರೆತೊಡನೆ ಚೌಕಾಸಿ ಆರಂಭವಾಗುತ್ತದೆ. ಮೂರನೆಯದೊಂದು ಪ್ರಶ್ನೆಯುಂಟು: ಈ ಮರದೊಳಗೆ ನೀರು ಎಷ್ಟಿದೆ? ಇದನ್ನು ಕೇಳುವವರು ಅಪರೂಪ. ಕೇಳಬೇಕಾದ ಮೊದಲನೆಯ ಪ್ರಶ್ನೆಯೇ ಇದು ಎಂಬುದು ನಮ್ಮ ಅಭಿಪ್ರಾಯ. ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಮರ ಕೊಳ್ಳುವ ಸಾಮಾನ್ಯ ಕುಟುಂಬದ ಹಣ ಉಳಿಯುವುದೂ ಅಳಿಯುವುದೂ ಇದರ ಮೇಲೆಯೇ ನಿಂತಿದೆ.

ಮರದ ಕೆಲಸವು ಈ ಸೀಮೆಗೆ ಅಪರಿಚಿತವಾದ ವಿದ್ಯೆಯಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ ಆರಂಭವಾದುದು 1430ರಲ್ಲಿ. ಅದರ ಕಂಬಗಳು ಕಲ್ಲಿನವು. ಮೇಲಂತಸ್ತಿನಲ್ಲಿಯಾದರೋ ಮರದ ಕೆಲಸವಿದೆ. ಅದೇ ಊರಿನ ಚೌಟರ ಅರಮನೆಯಲ್ಲಿ ಒಂಬತ್ತು ಸ್ತ್ರೀಯರು ಕೂಡಿ ಆನೆಯಾಗುವ ನವನಾರೀಕುಂಜರ, ಐವರು ಕೂಡಿ ಕುದುರೆಯಾಗುವ ಪಂಚನಾರೀತುರಗ ಮೊದಲಾದ ಕೆತ್ತನೆಗಳುಳ್ಳ ಮರದ ಕಂಬಗಳಿವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಮರವು ಇಷ್ಟುಕಾಲ ಉಳಿಯುವುದು ಹೇಗೆ? ಮರವನ್ನು ಕೊಳೆಯಿಸುವುದು ಶಿಲೀಂಧ್ರ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಚಾಚಿದ ಇಳಿಜಾರು ಮಾಡು, ಗಾಳಿಯಾಡುವ ಜಗಲಿ, ನೆಲದ ತೇವ ಮುಟ್ಟದಂತೆ ಕಂಬದ ಬುಡಕ್ಕೆ ಇಟ್ಟ ಕಲ್ಲು, ಇವೆಲ್ಲವೂ ಮರವನ್ನು ಒಣಗಿದಂತೆಯೇ ಇರಿಸುವ ಉಪಾಯಗಳು. ಹೀಗೆ ಮರದ ಆಯುಷ್ಯವೆಂಬುದು ಬಹುಪಾಲು ನೀರಿನ ಲೆಕ್ಕವೇ ಆಗಿದೆ.

ಗಿರಾಕಿಯ ಮೊದಲ ಪ್ರಶ್ನೆಯಾದ ಹೆಸರನ್ನು ಈಗ ಪರೀಕ್ಷಿಸೋಣ. ಗಟ್ಟಿಮರ, ಮೆದುಮರ ಎಂಬ ವಿಭಾಗವು ವ್ಯಾಪಾರದಲ್ಲಿ ಬಳಕೆಯಲ್ಲಿದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಹೂ ಬಿಟ್ಟು, ಕಾಯಿಯೊಳಗೆ ಬೀಜವಿಡುವ ಅಗಲ ಎಲೆಯ ಮರಗಳೆಲ್ಲ ಗಟ್ಟಿಮರಗಳು. ದೇವದಾರು, ಪೈನ್ ಮೊದಲಾದ ಸೂಜಿ ಎಲೆಯ ಮರಗಳು ಮೆದುಮರಗಳು. ಈ ಲೆಕ್ಕದಲ್ಲಿ ಬೋಗಿಯೂ ಗಟ್ಟಿಮರ, ಬೂರುಗವೂ ಗಟ್ಟಿಮರ! ಆಟಿ ಅಮಾವಾಸ್ಯೆಯಂದು ತುಳುನಾಡಿನ ಮನೆಗಳಿಗೆ ಕಷಾಯದ ತೊಗಟೆ ಕೊಡುವ ಹಾಲೆಮರವೂ ಗಟ್ಟಿಮರವೇ. ಆದರೆ ಅದೆಷ್ಟು ಮೆದುವೆಂದರೆ, ಹಿಂದೆ ಅದರ ಹಲಗೆಯಿಂದ ಶಾಲಾಮಕ್ಕಳಿಗೆ ಬರೆಯುವ ಪಾಟಿ ಮಾಡುತ್ತಿದ್ದರು. ‘ಸ್ಕಾಲರಿಸ್’ ಎಂಬ ಅದರ ಶಾಸ್ತ್ರೀಯ ಹೆಸರು ಬಂದುದೂ ಆ ಬಳಕೆಯಿಂದಲೇ. ಆದುದರಿಂದ ‘ಗಟ್ಟಿಮರ’ ಎಂಬ ಮಾತು ಗಟ್ಟಿತನಕ್ಕೆ ಪ್ರಮಾಣಪತ್ರವಲ್ಲ.

‘ಸಾಗುವಾನಿ’ ಎಂಬ ಹೆಸರಿನ ಸ್ಥಿತಿಯೂ ಹೀಗೆಯೇ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿಯೇ ಸಾಗುವಾನಿಯ ನೆಡುತೋಪು ಆರಂಭವಾಯಿತು. ಇಂದು ಆಫ್ರಿಕ, ದಕ್ಷಿಣ ಅಮೆರಿಕಗಳ ನೆಡುತೋಪುಗಳ ಸಾಗುವಾನಿಯೂ ಹಡಗೇರಿ ಭಾರತದ ಬಂದರುಗಳಿಗೆ ಬರುತ್ತದೆ. ಎಲ್ಲವೂ ಒಂದೇ ಜಾತಿ, ಒಂದೇ ಹೆಸರು. ಆದರೆ ಎಳೆಯ ಮರದಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು, ಒಳಗಿನ ಕೆಚ್ಚು ಕಡಿಮೆ. ಗೆದ್ದಲನ್ನೂ ಶಿಲೀಂಧ್ರವನ್ನೂ ತಡೆಯುವ ರಾಸಾಯನಿಕಗಳು ಇರುವುದು ಕೆಚ್ಚಿನಲ್ಲಿ. ಬಿಳಿ ಭಾಗಕ್ಕೆ ಆ ಶಕ್ತಿಯಿಲ್ಲ. ಹಲಗೆಯ ಅಂಚಿನಲ್ಲಿ ಬಿಳಿಯ ಪಟ್ಟಿ ಎಷ್ಟು ಅಗಲವಿದೆ ಎಂದು ನೋಡುವ ಕಣ್ಣು, ಹೆಸರು ಕೇಳುವ ಕಿವಿಗಿಂತ ಹೆಚ್ಚು ಪ್ರಯೋಜನಕಾರಿ.

ಇನ್ನು ನೀರಿನ ವಿಚಾರ. ಹಸಿ ಮರದಲ್ಲಿ ನೀರು ಎರಡು ರೀತಿಯಲ್ಲಿರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿ ಬಿಡಿಯಾಗಿ ನಿಂತ ನೀರು ಒಂದು. ಕೋಶಭಿತ್ತಿಗಳಿಗೆ ಅಂಟಿಕೊಂಡ ನೀರು ಇನ್ನೊಂದು. ಒಣಗುವಾಗ ಬಿಡಿ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ತೇವಾಂಶವು ಸುಮಾರು ಶೇಕಡ 30ಕ್ಕೆ ಇಳಿದ ಮೇಲೆ ಭಿತ್ತಿಯ ನೀರು ಹೊರಡುತ್ತದೆ. ಕುಗ್ಗುವಿಕೆ ಆರಂಭವಾಗುವುದು ಅಲ್ಲಿಂದ. ಕೊನೆಗೆ ಮರವು ಸುತ್ತಣ ಗಾಳಿಯೊಡನೆ ಸಮತೋಲಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ಇದ್ದಾಗ ಮರದ ತೇವಾಂಶ ಸುಮಾರು 12ರಲ್ಲಿಯೂ, ಆರ್ದ್ರತೆ 90 ಆದಾಗ ಸುಮಾರು 20ರಲ್ಲಿಯೂ ನಿಲ್ಲುವುದು. ನಮ್ಮ ಕರಾವಳಿಯ ಬೇಸಗೆ ಮುಂಚಿನ ದಿನಗಳಿಗೂ ಆಟಿ ತಿಂಗಳಿಗೂ ಇರುವ ಅಂತರ ಹೆಚ್ಚುಕಡಮೆ ಇಷ್ಟೇ. ಜನವರಿಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಜುಲೈಯಲ್ಲಿ ಬಿಗಿದುಕೊಳ್ಳುವುದಕ್ಕೆ ಬಡಗಿಯನ್ನು ಶಪಿಸಿ ಫಲವಿಲ್ಲ.

ಈ ಚಲನೆ ಎಷ್ಟು? ಸಾಗುವಾನಿಯು ಹಸಿಯಿಂದ ಪೂರ್ತಿ ಒಣಗುವವರೆಗೆ, ವರ್ಷಬಳೆಗಳ ಸುತ್ತಿನ ದಿಕ್ಕಿನಲ್ಲಿ ಶೇಕಡ 5.8ರಷ್ಟೂ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಶೇಕಡ 2.5ರಷ್ಟೂ ಕುಗ್ಗುತ್ತದೆ. ಒಂದು ದಿಕ್ಕಿನಲ್ಲಿ ಇನ್ನೊಂದರ ಇಮ್ಮಡಿಗಿಂತ ಹೆಚ್ಚು! ಹಲಗೆ ದೋಣಿಯಂತೆ ಬಾಗುವುದಕ್ಕೆ ಕಾರಣ ಈ ಅಸಮತೆಯೇ. ಸುತ್ತಿನ ದಿಕ್ಕಿನಲ್ಲಿ ಸೀಳಿದ, 250 ಮಿಲಿಮೀಟರ್ ಅಗಲದ ಹಲಗೆಯೊಂದರ ತೇವಾಂಶ 20ರಿಂದ 12ಕ್ಕೆ ಇಳಿಯಿತೆನ್ನೋಣ. ಲೆಕ್ಕ ಮಾಡಿದರೆ ಅದು ಸುಮಾರು 4 ಮಿಲಿಮೀಟರ್ ಕಿರಿದಾಗುತ್ತದೆ. ಇಂತಹ ನಾಲ್ಕು ಹಲಗೆಗಳನ್ನು ಜೋಡಿಸಿದ ಮೇಜಿನಲ್ಲಿ ಒಂದೂವರೆ ಸೆಂಟಿಮೀಟರು ಎಲ್ಲಿಂದಲಾದರೂ ಕಳೆಯಲೇಬೇಕು. ಅದು ಬಿರುಕಾಗಿಯೋ ಸಡಿಲಗೊಂಡ ಸಂದಾಗಿಯೋ ಕಾಣಿಸುವುದು. ಸಾಗುವಾನಿಯಾದರೋ ಬಹಳ ಕಡಿಮೆ ಅಲುಗುವ ಮರ. ಮಳೆಗಾಲದಲ್ಲಿ ಬಂಟ್ವಾಳದಲ್ಲಿ ಮಾಡಿಸಿದ ಮಂಚ ಬಳ್ಳಾರಿಯ ಮನೆ ಸೇರಿದರೆ ಏನಾಗುವುದೆಂದು ಓದುಗರೇ ಊಹಿಸಬಹುದು.

ನೀರನ್ನು ಅಳೆಯುವ ಕ್ರಮ ಯಾವ ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯವಾದದ್ದು. ಹಲಗೆಯ ತುದಿ ಬೇಗ ಒಣಗುವುದರಿಂದ, ತುದಿಯಿಂದ ಒಂದಡಿಯಷ್ಟು ಒಳಗೆ ಒಂದಂಗುಲ ದಪ್ಪದ ತುಂಡನ್ನು ಕೊಯ್ದು ಒಡನೆಯೇ ತೂಗಬೇಕು. ಬಳಿಕ 103 ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿ, ತೂಕ ಮತ್ತೆ ಇಳಿಯದಷ್ಟು ಕಾಲ ಒಣಗಿಸಿ ಮರಳಿ ತೂಗಬೇಕು. ಹಸಿ ತೂಕ 150 ಗ್ರಾಂ, ಒಣ ತೂಕ 120 ಗ್ರಾಂ ಎಂದಾದರೆ ಹೋದ ನೀರು 30 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ತೇವಾಂಶ ಶೇಕಡ 25. ಭಾಗಿಸುವುದು ಒಣ ತೂಕದಿಂದ ಎಂಬುದನ್ನು ಮರೆಯಬಾರದು. ಆಗತಾನೆ ಕಡಿದ ಕೆಲವು ಮರಗಳ ತೇವಾಂಶ ನೂರನ್ನೂ ಮೀರುವುದುಂಟು. ಒಲೆ ಇಲ್ಲದವರು ಒಂದು ಹಲಗೆಯನ್ನು ಗುರುತಿಟ್ಟು ವಾರಕ್ಕೊಮ್ಮೆ ತೂಗಲಿ. ತೂಕ ಇಳಿಯುವುದು ನಿಂತರೆ ಮರವು ಆ ಋತುವಿನ ಗಾಳಿಗೆ ಹೊಂದಿಕೊಂಡಿತೆಂದು ತಿಳಿಯಬಹುದು. ಮರಕ್ಕೆ ಎರಡು ಮುಳ್ಳುಗಳನ್ನು ಚುಚ್ಚಿ ವಿದ್ಯುತ್ ರೋಧವನ್ನಳೆದು ತೇವಾಂಶ ತೋರಿಸುವ ಪುಟ್ಟ ಮಾಪಕಗಳೂ ಈಗ ದೊರೆಯುತ್ತವೆ.

ಗಿರಾಕಿಯ ಎರಡನೆಯ ಪ್ರಶ್ನೆ ಘನ ಅಡಿಯದು. ಇದರಲ್ಲಿಯೂ ಗಣಿತವನ್ನು ಮಾರುವವನಿಗೇ ಬಿಟ್ಟುಕೊಡುವುದು ಜಾಣತನವಲ್ಲ. ದುಂಡು ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು ರೂಢಿಯಲ್ಲಿರುವ ಕ್ರಮ. ಸುತ್ತಳತೆ 4 ಅಡಿ, ಉದ್ದ 10 ಅಡಿ ಇದ್ದರೆ ಈ ಲೆಕ್ಕದಲ್ಲಿ 10 ಘನ ಅಡಿ. ಸಿಲಿಂಡರಿನ ಸೂತ್ರದಿಂದ ನೋಡಿದರೆ ದಿಮ್ಮಿಯ ನಿಜವಾದ ಗಾತ್ರ 12.7 ಘನ ಅಡಿ. ಸೀಳುವಾಗ ನಷ್ಟವಾಗುವ ಹೊರಪದರಕ್ಕಾಗಿ ಬಿಟ್ಟ ರಿಯಾಯಿತಿ ಇದು ಎಂದು ಭಾವಿಸಬಹುದು. ಸೀಳಿದ ಹಲಗೆಗೆ ಈ ರಿಯಾಯಿತಿಯಿಲ್ಲ. ಅಲ್ಲಿ ಉದ್ದ, ಅಗಲ, ದಪ್ಪಗಳ ಗುಣಲಬ್ಧವೇ ಲೆಕ್ಕ. ಹೀಗಾಗಿ ದಿಮ್ಮಿಯ ದರವನ್ನೂ ಹಲಗೆಯ ದರವನ್ನೂ ನೇರವಾಗಿ ಹೋಲಿಸಬಾರದು. ಇನ್ನೊಂದು ಎಚ್ಚರಿಕೆ: ಸುತ್ತಳತೆಯನ್ನು ವರ್ಗ ಮಾಡುವುದರಿಂದ ಅದರಲ್ಲಿ ಬರುವ ತಪ್ಪು ಇಮ್ಮಡಿಯಾಗುತ್ತದೆ. ತೊಗಟೆಯನ್ನೂ ಸೇರಿಸಿ 48 ಅಂಗುಲದ ಬದಲು 50 ಅಂಗುಲವೆಂದು ಅಳೆದರೆ, ಗಿರಾಕಿ ಇಲ್ಲದ ಮರಕ್ಕೆ ಶೇಕಡ ಎಂಟಕ್ಕೂ ಹೆಚ್ಚು ಹಣ ತೆತ್ತಂತಾಯಿತು.

ಹಾಗಾದರೆ ಕೊಳ್ಳಬೇಕಾದುದು ಯಾವ ಮರ? ಬೀಟೆಯ ಹೊಳಪಿಗೆ ಮನಸೋಲುವವರು ಒಂದು ಮಾತು ನೆನೆಯಬೇಕು. ಬೀಟೆಯ ಕುಲಕ್ಕೆ ಸೇರಿದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ನಿಯಂತ್ರಣಕ್ಕೆ ಒಳಪಟ್ಟಿದೆ; ಅಷ್ಟರಮಟ್ಟಿಗೆ ಅವು ವಿರಳವಾಗಿವೆ. ಬೆಳ್ತಂಗಡಿಯ ಪೂರ್ವಕ್ಕೆ ಗೋಡೆಯಂತೆ ನಿಂತ ಘಟ್ಟದ ಕಾಡು ನಮ್ಮ ಪೀಠೋಪಕರಣಗಳ ಉಗ್ರಾಣವಲ್ಲ. ನೇತ್ರಾವತಿಗೆ ನೀರೂಡುವ ತೊಟ್ಟಿಲು. ಮರದೊಡನೆ ಅರಣ್ಯ ಇಲಾಖೆಯ ರಹದಾರಿ ಇದೆಯೇ ಎಂದು ಕೇಳುವುದು ಕಾನೂನಿನ ಭಯಕ್ಕಾಗಿ ಮಾತ್ರವಲ್ಲ, ನಾಳೆಯ ನೀರಿಗಾಗಿಯೂ ಹೌದು.

ಕಾಡಿಗೆ ಕೈಯಿಡದೆ ದೊರೆಯುವ ಒಳ್ಳೆಯ ಮರಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಿತ್ತಲ ಹಲಸು ಹಣ್ಣಿಗಷ್ಟೇ ಅಲ್ಲ. ಯಕ್ಷಗಾನದ ಮದ್ದಳೆಗೂ ವೀಣೆಗೂ ಒಡಲಾಗುವ ಮರ ಅದು. ಹೊನ್ನಿನ ಬಣ್ಣದ ಅದರ ಕೆಚ್ಚು ಕಾಲ ಕಳೆದಂತೆ ಕಂದಾಗಿ ಚೆಲುವು ಹೆಚ್ಚಿಸಿಕೊಳ್ಳುತ್ತದೆ. ತುಳುವಿನಲ್ಲಿ ಪೆಜ ಎನ್ನಿಸುವ ಹೆಬ್ಬಲಸು ಅದರ ಸೋದರ. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಹಾಲು ಬತ್ತಿದ ಮರಗಳನ್ನು ಇಪ್ಪತ್ತೈದು ಮೂವತ್ತು ವರ್ಷಗಳಿಗೊಮ್ಮೆ ಕಡಿಯುತ್ತಾರೆ. ಈ ಮರದಲ್ಲಿ ಪಿಷ್ಟ ಹೆಚ್ಚಾದುದರಿಂದ ಕುಟ್ಟೆಹುಳು ಬೇಗ ಹಿಡಿಯುತ್ತದೆ. ಕಡಿದ ಕೆಲವೇ ದಿನಗಳಲ್ಲಿ ಸೀಳಿ, ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸಿ ಒಣಗಿಸಿದರೆ ಮೇಜು ಕುರ್ಚಿಗಳಿಗೆ ಅದು ಯೋಗ್ಯವಾದ ಮರ. ಕಳಚಿದ ಹಳೆಯ ಮನೆಗಳ ತೊಲೆ, ಪಕ್ಕಾಸುಗಳು ಎಲ್ಲಕ್ಕಿಂತ ಮೇಲು. ಹತ್ತಾರು ಮಳೆಗಾಲಗಳನ್ನು ಕಂಡು ಅವು ಆಡುವಷ್ಟು ಆಟ ಆಡಿ ಮುಗಿಸಿವೆ. ಮೊಳೆಗಳನ್ನು ಹುಡುಕಿ ಕೀಳುವ ತಾಳ್ಮೆಯೊಂದಿದ್ದರೆ ಸಾಕು.

ನಮ್ಮ ಮಾತಿಗೆ ಮಾರುವವರಿಂದ ಒಂದು ಆಕ್ಷೇಪ ಬರುವುದು ಸಹಜ. ಮರವನ್ನು ಒಣಗಲಿಟ್ಟರೆ ಬಂಡವಾಳ ಅಷ್ಟುಕಾಲ ಸುಮ್ಮನೆ ಬಿದ್ದಿರುತ್ತದೆ. ಗಿರಾಕಿಗೆ ಕಾಯುವ ವ್ಯವಧಾನವಿಲ್ಲ. ಹಸಿಮರ ಕೇಳಿದವನಿಗೆ ಹಸಿಮರ ಕೊಡದೆ ಗತ್ಯಂತರವೇನು? ಈ ಮಾತಿನಲ್ಲಿ ಸತ್ಯವಿದೆ. ಒಣಮರಕ್ಕೆ ಹೆಚ್ಚು ಬೆಲೆ ಕೊಡಲು ಒಪ್ಪದ ಗಿರಾಕಿಯೂ ಈ ದೋಷದಲ್ಲಿ ಪಾಲುಗಾರ. ಆದರೆ ಹಸಿ ಸಾಗುವಾನಿ ಶೇಕಡ 12ರ ತೇವಾಂಶಕ್ಕೆ ಇಳಿಯುವಾಗ ಗಾತ್ರದಲ್ಲಿಯೇ ಸುಮಾರು ಶೇಕಡ ನಾಲ್ಕು ಕರಗುತ್ತದೆ. ಬಾಗಿದ, ಸೀಳಿದ ಹಲಗೆಗಳ ನಷ್ಟ ಬೇರೆ. ಇದನ್ನೆಲ್ಲ ಕೂಡಿಸಿದರೆ ಅಗ್ಗದ ಹಸಿಮರ ಅಗ್ಗವಾಗಿ ಉಳಿಯುವುದಿಲ್ಲ. ಕಾಯಬಲ್ಲವರು ಮಳೆ ನಿಂತ ಕಾರ್ತಿಕದಲ್ಲಿ ಮರ ಸೀಳಿಸಿ, ನೆಲದಿಂದ ಮೇಲೆ, ಮಾಡಿನ ನೆರಳಿನಲ್ಲಿ, ಹಲಗೆ ಹಲಗೆಗಳ ನಡುವೆ ರೀಪಿನ ತುಂಡುಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಲಿ; ತುದಿಗಳಿಗೆ ಬಣ್ಣ ಬಳಿಯಲಿ. ಮೇ ತಿಂಗಳವರೆಗಿನ ಒಣಗಾಳಿ ಬಿಡಿಕಾಸು ಕೇಳದೆ ಕೆಲಸ ಮಾಡಿಕೊಡುತ್ತದೆ. ನಮ್ಮ ಹಿರಿಯರು ಹಲಗೆಗಳನ್ನು ವರ್ಷಗಟ್ಟಲೆ ಅಟ್ಟದಲ್ಲಿ ಇಡುತ್ತಿದ್ದುದರ ಮರ್ಮ ಇದೇ.

ಕೊನೆಯದಾಗಿ ನಮ್ಮದೊಂದು ಸಲಹೆ. ಈ ಮೂರು ಪೇಟೆಗಳಲ್ಲಿಯೂ ಕಾಲೇಜುಗಳಿವೆ; ಕಾಲೇಜುಗಳಲ್ಲಿ ತಕ್ಕಡಿಯೂ ಒಣಗಿಸುವ ಒಲೆಯೂ ಇವೆ; ತೇವಾಂಶವನ್ನು ಅಳೆಯುವ ಪಾಠ ಪುಸ್ತಕದಲ್ಲಿಯೇ ಇದೆ. ಊರಿನ ಬಡಗಿಯೋ ಗೃಹಸ್ಥನೋ ತಂದ ಮರದ ತುಂಡನ್ನು ವಿದ್ಯಾರ್ಥಿಗಳು ಪರೀಕ್ಷಿಸಿ ಅಂಕಿಯೊಂದನ್ನು ಬರೆದುಕೊಟ್ಟರೆ, ಪಾಠವೂ ನಡೆಯಿತು, ನೆರೆಯವನ ಹಣವೂ ಉಳಿಯಿತು. ಮರದ ಜಾತಿಯ ವಿಷಯದಲ್ಲಿ ಸಂದೇಹ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕಾಗಿಯೇ ಇರುವ ಕೇಂದ್ರ ಸಂಶೋಧನಾಲಯವುಂಟು. ಗಿರಾಕಿಗಳು ಪದೇ ಪದೇ ಕೇಳತೊಡಗಿದರೆ, ಮಿಲ್ಲಿನ ರಶೀದಿಯಲ್ಲಿ ಮರದ ಹೆಸರು, ಘನ ಅಡಿಗಳ ಪಕ್ಕದಲ್ಲಿ ತೇವಾಂಶದ ಅಂಕಿಯೂ ಬರೆಯಲ್ಪಡುವ ದಿನ ದೂರವಿರದು. ಬೆಲೆ ಕೇಳುವ ಮೊದಲು ತೇವಾಂಶ ಕೇಳುವ ಅಭ್ಯಾಸವನ್ನು ನಮ್ಮ ತರುಣರೇ ಆರಂಭಿಸಲಿ.